ಬ್ಯಾಟರಿ ಕಟ್‌ಆಫೋ, ಗೇರ್ ಲಾಕೋ: ಬೀದಿಯಲ್ಲಿ ಮಲಗುವ ಮಾರುತಿಯ ಮೇಲೆ ನಡೆಸಿದ ಪ್ರಯೋಗ

ನಮ್ಮದು 2001ರ ಮಾರುತಿ 800, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮುಕಿಸುವ ಮಾದರಿ). ಮಾವನವರಿಂದ ಬಂದದ್ದು. ಎರಡು ಸಲ ಆರ್‌ಸಿ ರಿನ್ಯೂ ಮಾಡಿಸಿ ಉಳಿಸಿಕೊಂಡಿದ್ದೇನೆ. ಕೀಲಿಯಲ್ಲಿ ಚಿಪ್ಪಿಲ್ಲ, ಸರಿಯಾದ ಕೀ ಇಲ್ಲದೆ ಇಂಜಿನ್ ಹೊತ್ತದಂತೆ ತಡೆಯುವ ಇಮ್ಮೊಬಿಲೈಸರ್ ಇಲ್ಲ. ಪಕ್ಕದ ಮನೆಯವರ ಆಮ್ನಿಯ ಸವೆದ ಕೀ ತಂದು ಸ್ವಲ್ಪ ಅಲ್ಲಾಡಿಸಿದೆ, ಬಾಗಿಲು ತೆರೆದೇ ಬಿಟ್ಟಿತು. ಮನೆಗೆ ಶೆಡ್ಡಿಲ್ಲ, ರಾಜಾಜಿನಗರದ ನಮ್ಮ ಕ್ರಾಸಿನ ಹೊಂಗೆ ಮರದ ಕೆಳಗೇ ಅದರ ರಾತ್ರಿ. ಈ ವಯಸ್ಸಿನ ಗಾಡಿಗೆ ನಾನು ಕಟ್ಟುವುದು ಥರ್ಡ್ ಪಾರ್ಟಿ ವಿಮೆ ಮಾತ್ರ, ಕಳುವಾದರೆ ಅದರಿಂದ ಬಿಡಿಗಾಸೂ ಬರುವುದಿಲ್ಲ. ಹೋದ ವರ್ಷ ಎದುರು ಸಾಲಿನ ಒಂದು ಕಾರು ಬೆಳಗಾಗುವುದರೊಳಗೆ ಮಾಯವಾದ ಮೇಲೆ ನನಗೂ ನಿದ್ದೆ ಹತ್ತಲಿಲ್ಲ.

ಮೊದಲು ತಂದದ್ದು ಬ್ಯಾಟರಿ ಕಟ್‌ಆಫ್ ಸ್ವಿಚ್. ಜೆ.ಸಿ. ರಸ್ತೆಯಲ್ಲಿ 250 ರೂಪಾಯಿ. ನೆಗೆಟಿವ್ ಟರ್ಮಿನಲ್ ಮೇಲೆ ಕೂರುವ ಹಸಿರು ನಾಬಿನದು. 10ರ ಸ್ಪ್ಯಾನರ್ ಒಂದಿದ್ದರೆ ಹತ್ತು ನಿಮಿಷದ ಕೆಲಸ. ನಾಬು ಸಡಿಲಿಸಿದರೆ ಇಡೀ ಗಾಡಿ ಸತ್ತಂತೆ: ದೀಪವಿಲ್ಲ, ಹಾರ್ನಿಲ್ಲ, ಸೆಲ್ಫ್ ಹೊಡೆದರೆ ಟಕ್ ಎನ್ನುವ ಸದ್ದೂ ಇಲ್ಲ. ಮೊದಲ ವಾರ ಇದಕ್ಕಿಂತ ಸೊಗಸಾದ ಉಪಾಯ ಇನ್ನೊಂದಿಲ್ಲ ಎಂದುಕೊಂಡಿದ್ದೆ.

ಆಮೇಲೆ ದಿನಚರಿ ಶುರುವಾಯಿತು. ರಾತ್ರಿ ಬಾನೆಟ್ ಎತ್ತು, ನಾಬು ತಿರುಗಿಸು, ಕೈ ಒರೆಸಿಕೋ. ಬೆಳಿಗ್ಗೆ ಅದನ್ನೇ ಉಲ್ಟಾ ಮಾಡು. ಸ್ಟೀರಿಯೊ ಪ್ರತಿ ದಿನ ನೆನಪು ಕಳೆದುಕೊಳ್ಳುವುದರಿಂದ 102.9ರ ವಿವಿಧ ಭಾರತಿಯನ್ನು ಮತ್ತೆ ಹುಡುಕಬೇಕು. ಇಸಿಯು (ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಕಲಿತದ್ದನ್ನೂ ಮರೆಯುತ್ತದೆ, ಮೊದಲ ಒಂದೆರಡು ನಿಮಿಷ ಐಡ್ಲಿಂಗ್ ಏರಿ ಇಳಿದು ಮಾಡುತ್ತದೆ. ಮಳೆಗಾಲದಲ್ಲಿ ಕೊಡೆ ಹಿಡಿದು ಬಾನೆಟ್ ಎತ್ತುವ ನನ್ನನ್ನು ನೋಡಿ ಹೆಂಡತಿ, "ರೀ, ಕಳ್ಳ ಬರೋ ಮುಂಚೆ ನಿಮಗೇ ನ್ಯುಮೋನಿಯ ಬರತ್ತೆ" ಅಂದಳು. ಎರಡನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಸೆಲ್ಫ್ ಎತ್ತಲಿಲ್ಲ. ಸ್ವಿಚ್ ಮುಟ್ಟಿದರೆ ಬಿಸಿ. ಸೆಲ್ಫ್ ಹೊಡೆಯುವಾಗ ನೂರು ಆಂಪಿಯರ್‌ಗೂ ಹೆಚ್ಚು ಹರಿಯುವ ಜಾಗ ಅದು. ಅಗ್ಗದ ಎರಕದ ಲೋಹ ಸ್ವಲ್ಪ ಸಡಿಲವಾದರೂ, ಕಿಲುಬು ಹಿಡಿದರೂ ಅಲ್ಲೇ ಒಂದು ವೋಲ್ಟು ಸೋರಿ ಹೋಗುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದ ಮೇಲೆ ಸರಿಹೋಯಿತು. ಇಂಜಿನ್ ಓಡುತ್ತಿರುವಾಗ ಮಾತ್ರ ಇದನ್ನು ತೆಗೆಯಬೇಡಿ. ಬ್ಯಾಟರಿ ಆಸರೆ ತಪ್ಪಿದ ಕ್ಷಣ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ವೋಲ್ಟೇಜ್ ಎಗರಿ ಡಯೋಡು, ಇಸಿಯು ಸುಡಬಹುದು.

ಕಳ್ಳ ಎಷ್ಟು ಹೊತ್ತು ಒದ್ದಾಡುತ್ತಾನೆ ಎಂದು ನೋಡಬೇಕಿತ್ತು. ನಮ್ಮ ಆಟೋ ಎಲೆಕ್ಟ್ರಿಷಿಯನ್ ಕೈಗೆ ಕೀ ಕೊಟ್ಟು, "ತಗೊಂಡು ಹೋಗಪ್ಪ ನೋಡೋಣ" ಎಂದು ಮೊಬೈಲಿನಲ್ಲಿ ಸಮಯ ಇಟ್ಟೆ. ಕೀ ತಿರುಗಿಸಿದ, ಡ್ಯಾಶಿನಲ್ಲಿ ಒಂದೂ ಕೆಂಪು ದೀಪ ಬರಲಿಲ್ಲ. ಡ್ಯಾಶಿನ ಕೆಳಗಿನ ಲಿವರ್ ಎಳೆದು ಬಾನೆಟ್ ಎತ್ತಿದ, ನಾಬು ಬಿಗಿದ, ಸ್ಟಾರ್ಟ್ ಮಾಡಿದ. 48 ಸೆಕೆಂಡು. ನಾಬನ್ನು ಪೂರ್ತಿ ಬಿಚ್ಚಿ ಜೇಬಿಗೆ ಹಾಕಿಕೊಂಡು ಇನ್ನೊಮ್ಮೆ ಕೊಟ್ಟೆ. ಅವನು ನಕ್ಕು ಟೂಲ್ ಬಾಕ್ಸಿನಿಂದ ಅಂಥದೇ ಹಸಿರು ನಾಬು ತೆಗೆದ. "ಇಂಥವು ನನ್ನ ಹತ್ರ ನಾಲ್ಕಿದಾವೆ ಸಾರ್."

ಎರಡನೆಯ ಉಪಾಯ ಅವನದೇ: ಪೆಟ್ರೋಲ್ ಪಂಪಿಗೆ ಗುಟ್ಟಿನ ಸ್ವಿಚ್. ಪಂಪಿನ ದಪ್ಪ ವೈರಿನಲ್ಲಲ್ಲ, ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಹೋಗುವ ತೆಳು ವೈರಿನಲ್ಲಿ ಹಾಕಿದ. ಕರೆಂಟು ಕಡಿಮೆ, ಬೆರಳುಗಾತ್ರದ ಸ್ವಿಚ್ ಸಾಕು. ಎಲ್ಲಿಟ್ಟಿದ್ದಾನೆ ಎಂದು ಬರೆಯುವುದಿಲ್ಲ. ಕೂಲಿ ಸೇರಿ 600 ರೂಪಾಯಿ. ಇದರ ಚೆಂದ ಏನೆಂದರೆ ಎಲ್ಲ ದೀಪ ಬರುತ್ತದೆ, ಸೆಲ್ಫ್ ಜೋರಾಗಿ ತಿರುಗುತ್ತದೆ, ಪೈಪಿನಲ್ಲಿ ಉಳಿದ ಪೆಟ್ರೋಲಿಗೆ ಇಂಜಿನ್ ಒಮ್ಮೊಮ್ಮೆ ಒಂದೆರಡು ಸೆಕೆಂಡ್ ಹೊತ್ತಿಕೊಂಡು ಕೆಮ್ಮಿ ನಿಲ್ಲುತ್ತದೆ. ಹಳೇ ಮಾರುತಿ ಅಲ್ಲವೇ, ಕೆಟ್ಟಿರಬೇಕು ಅಂತ ಯಾರಾದರೂ ನಂಬುತ್ತಾರೆ.

ಅದನ್ನು ಬೇರೆ ಗ್ಯಾರೇಜಿನ ಹುಡುಗನ ಮೇಲೆ ಪ್ರಯೋಗಿಸಿದೆ. ಅವನು ಕೀಯನ್ನು ಆನ್ ಮಾಡಿ ಕಿವಿ ಹಿಂದಿನ ಸೀಟಿನ ಕಡೆ ಇಟ್ಟ. ಸಾಮಾನ್ಯವಾಗಿ ಅಲ್ಲಿ ಎರಡು ಸೆಕೆಂಡ್ ಝುಂಯ್ ಎನ್ನುವ ಪಂಪಿನ ಸದ್ದು ಬರುತ್ತದೆ. ಬರಲಿಲ್ಲ. "ಪಂಪಿಗೆ ಸಪ್ಲೈ ಇಲ್ಲ ಅಣ್ಣ." ಆದರೂ ಫ್ಯೂಸ್ ನೋಡಿ, ರಿಲೇ ಬದಲಿಸಿ, ಕೊನೆಗೆ ಬ್ಯಾಟರಿಯಿಂದ ನೇರ ವೈರ್ ಎಳೆದು ಹೊರಡಿಸಲು 17 ನಿಮಿಷ ಬೇಕಾಯಿತು. ಅದೂ ಹಗಲು, ಬಾನೆಟ್ ತೆರೆದು, ಟೆಸ್ಟ್ ಲ್ಯಾಂಪ್ ಕೈಯಲ್ಲಿದ್ದು. ರಾತ್ರಿ ಎರಡು ಗಂಟೆಗೆ ನಮ್ಮ ಕ್ರಾಸಿನ ನಾಯಿಗಳ ಎದುರು 17 ನಿಮಿಷ ನಿಲ್ಲುವ ಧೈರ್ಯ ಎಷ್ಟು ಜನಕ್ಕಿದೆ?

ಇದರ ತೊಂದರೆ ಬೇರೆ. ವಾಟರ್ ವಾಶಿಗೆ ಬಿಟ್ಟು ಬಂದ ದಿನ ಅಭ್ಯಾಸಬಲದಿಂದ ಸ್ವಿಚ್ ಆಫ್ ಮಾಡಿಬಿಟ್ಟಿದ್ದೆ. ಅಲ್ಲಿಯ ಹುಡುಗ ಗಾಡಿ ರ‍್ಯಾಂಪಿಗೆ ಏರಿಸಲು ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಕುಡಿದು ಹಾಕಿದ್ದ.

ಗೇರ್ ಲಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1,400 ಕೊಟ್ಟೆ. ರಿವರ್ಸಿಗೆ ಹಾಕಿ, ಯು ಆಕಾರದ ಸರಳು ತೂರಿಸಿ ಬೀಗ ಹಾಕಿದರೆ ಮುಗಿಯಿತು. ಗಾಜಿನಾಚೆಗೇ ಕಾಣುತ್ತದೆ, ಎಳೆದುಕೊಂಡು ಹೋಗುವವನಿಗೂ ತಲೆನೋವು. ಸ್ವಿಚ್‌ಗಳೆರಡಕ್ಕೂ ಇಲ್ಲದ ಗುಣ ಅದು. 650 ಕಿಲೋ ತೂಕದ ಗಾಡಿ ನ್ಯೂಟ್ರಲ್ಲಿನಲ್ಲಿದ್ದರೆ ಇಬ್ಬರು ತಳ್ಳಿಕೊಂಡೇ ಹೋಗಬಹುದು. ಸ್ಟೀರಿಂಗಿಗೆ ಹಾಕುವ ಸರಳು ಮಾತ್ರ ನನಗೆ ಹಿಡಿಸಲಿಲ್ಲ. ಸ್ಟೀರಿಂಗ್ ಚಕ್ರವನ್ನೇ ಗರಗಸದಲ್ಲಿ ಕೊಯ್ದರೆ ಬೀಗ ಕಳಚಿ ಬರುತ್ತದೆ.

ಜಿಪಿಎಸ್ ಟ್ರ್ಯಾಕರ್ ಕೂಡ ಹಾಕಿದ್ದೆ. ಆದರೆ ಕಟ್‌ಆಫ್ ತೆಗೆದರೆ ಅದಕ್ಕೂ ಊಟ ಬಂದ್; ಒಳಗಿನ ಪುಟ್ಟ ಬ್ಯಾಟರಿ ಕೆಲವು ಗಂಟೆ ಎಳೆದು ಮಲಗುತ್ತದೆ. ಕಾವಲುಗಾರನ ಬಾಯಿಗೆ ನಾನೇ ಬಟ್ಟೆ ತುರುಕಿದ ಹಾಗಾಯಿತು. ಎರಡರಲ್ಲಿ ಒಂದನ್ನು ಆರಿಸಬೇಕು, ನಾನು ಟ್ರ್ಯಾಕರ್ ತೆಗೆಸಿದೆ.

ಕಟ್‌ಆಫ್ ಎಸೆದಿಲ್ಲ. ಅದರ ನಿಜವಾದ ಉಪಯೋಗ ಬೇರೆಯೇ. ಮಲ್ಟಿಮೀಟರ್ ಇಟ್ಟು ನೋಡಿದೆ: ನಿಂತ ಗಾಡಿ ಸುಮ್ಮನೆ 30 ಮಿಲಿಆಂಪಿಯರ್ ಎಳೆಯುತ್ತದೆ. ಮೂರು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 15 ಖಾಲಿ. ಹಾಗಾಗಿ ಊರಿಗೆ ಹೊರಟಾಗ ಹಸಿರು ನಾಬು ಬಿಚ್ಚುತ್ತೇನೆ. ದಿನದ ರಾತ್ರಿಗಳಿಗೆ ಪಂಪಿನ ಸ್ವಿಚ್, ಗೇರ್ ಲಾಕ್, ಎರಡೂ ಸೇರಿ ಎಂಟು ಸೆಕೆಂಡು. ಸ್ವಿಚ್ ಎಲ್ಲಿದೆ ಎಂದು ಗೊತ್ತಿರುವುದು ನನಗೆ, ಹೆಂಡತಿಗೆ, ಹಾಕಿದ ಎಲೆಕ್ಟ್ರಿಷಿಯನ್‌ಗೆ. ವಾಟರ್ ವಾಶಿನವನಿಗೆ ಇನ್ನೂ ಹೇಳಿಲ್ಲ, ಗಾಡಿ ಕೆಟ್ಟಿತ್ತು ಎಂದೇ ಅವನ ನಂಬಿಕೆ.