ಹಳೆಯ ಬ್ರಿಟಿಷ್ ಚಿತ್ರಗಳ ಡಿಸ್ಕ್‌ಗಳು: ಕತ್ತರಿ ಬಿದ್ದ ಪ್ರತಿಯೋ, ಪೂರ್ಣ ಪ್ರತಿಯೋ?

ಹಳೆಯ ಬ್ರಿಟಿಷ್ ಚಿತ್ರಗಳ ಡಿವಿಡಿ ಮತ್ತು ಬ್ಲೂ-ರೇ ಡಿಸ್ಕ್‌ಗಳನ್ನು ಹಲವು ವರ್ಷಗಳಿಂದ ಕೊಂಡು, ಒಂದೇ ಚಿತ್ರದ ಬೇರೆ ಬೇರೆ ಪ್ರತಿಗಳನ್ನು ಹೋಲಿಸಿ ನೋಡುತ್ತ ಬಂದಿದ್ದೇನೆ. ಪೆಟ್ಟಿಗೆಯ ಮೇಲೆ ‘ರಿಸ್ಟೋರ್ಡ್’ (ಪುನರುದ್ಧಾರಗೊಂಡದ್ದು) ಎಂದು ಅಚ್ಚಾಗಿದ್ದ ಮಾತ್ರಕ್ಕೆ ಒಳಗಿರುವ ಚಿತ್ರ ಪೂರ್ತಿಯಾಗಿದೆ ಎಂದು ನಂಬುವಂತಿಲ್ಲ. ಗೀರು, ಕಲೆ, ಬಣ್ಣಗೇಡುಗಳನ್ನು ತೆಗೆಯುವುದು ಒಂದು ಕೆಲಸವಾದರೆ, ಬಿಡುಗಡೆಯ ಹೊತ್ತಿನಲ್ಲಿ ಕತ್ತರಿಸಿ ಹಾಕಿದ ಭಾಗಗಳನ್ನು ಹುಡುಕಿ ಮತ್ತೆ ಸೇರಿಸುವುದು ಬೇರೆಯೇ ಕೆಲಸ. ಎರಡೂ ಒಂದೇ ಡಿಸ್ಕ್‌ನಲ್ಲಿ ದೊರೆಯುವುದು ಅಪರೂಪ.

‘ದಿ ವಿಕರ್ ಮ್ಯಾನ್’ ಚಿತ್ರವನ್ನೇ ನೋಡಿ. ರಾಬಿನ್ ಹಾರ್ಡಿ ನಿರ್ದೇಶಿಸಿದ ಈ ಚಿತ್ರದ ದೀರ್ಘ ರೂಪ ಸುಮಾರು 99 ನಿಮಿಷಗಳದ್ದು. ಆದರೆ 1973ರಲ್ಲಿ ಬ್ರಿಟನ್ನಿನ ಚಿತ್ರಮಂದಿರಗಳಿಗೆ ಹೋದದ್ದು ಹತ್ತು ನಿಮಿಷಕ್ಕೂ ಹೆಚ್ಚು ಕತ್ತರಿ ಬಿದ್ದ ಪ್ರತಿ, ಅದೂ ‘ಡೋಂಟ್ ಲುಕ್ ನೌ’ ಜೊತೆಗಿನ ಜೋಡಿ ಪ್ರದರ್ಶನದ ಎರಡನೆಯ ಚಿತ್ರವಾಗಿ. ತೆಗೆದುಹಾಕಿದ ನೆಗೆಟಿವ್‌ಗಳನ್ನು ಎಂ3 ಹೆದ್ದಾರಿಯ ಕಾಮಗಾರಿಯಲ್ಲಿ ಹೂತುಬಿಟ್ಟರು ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಕಥೆ ನಿಜವಿರಲಿ ಇಲ್ಲದಿರಲಿ, ನೆಗೆಟಿವ್ ಅಂತೂ ಸಿಕ್ಕಿಲ್ಲ. ಅಮೆರಿಕದ ನಿರ್ಮಾಪಕ ರೋಜರ್ ಕಾರ್ಮನ್ ಅವರಿಗೆ ಹಿಂದೆ ಕಳುಹಿಸಿದ್ದ ಪ್ರಿಂಟೊಂದನ್ನು ವಿಡಿಯೊ ಟೇಪಿಗೆ ಇಳಿಸಿಕೊಂಡಿದ್ದರಿಂದ ಆ ದೀರ್ಘ ರೂಪ ನಮ್ಮ ಕಾಲದವರೆಗೆ ಉಳಿದು ಬಂದಿದೆ. ಆದ್ದರಿಂದ ಡಿಸ್ಕ್‌ನಲ್ಲಿ ಅದನ್ನು ನೋಡುವಾಗ, ಸ್ವಚ್ಛವಾದ ಫಿಲ್ಮಿನ ನಡುವೆ ಮಸುಕಾದ ಟೇಪಿನ ತುಣುಕುಗಳು ಬಂದು ಹೋಗುವುದು ಎದ್ದು ಕಾಣುತ್ತದೆ. 2013ರಲ್ಲಿ, ಹಾರ್ವರ್ಡ್ ಫಿಲ್ಮ್ ಆರ್ಕೈವ್‌ನಲ್ಲಿ ದೊರೆತ 35 ಎಂಎಂ ಪ್ರಿಂಟಿನ ನೆರವಿನಿಂದ ‘ಫೈನಲ್ ಕಟ್’ ಎಂಬ ಮೂರನೆಯ ರೂಪ ಬಂತು; ಉದ್ದದಲ್ಲಿ ಇದು ಉಳಿದೆರಡರ ನಡುವಿನದು.

ಮೂರನ್ನೂ ಮತ್ತೆ ಮತ್ತೆ ನೋಡಿದವನಾಗಿ ಹೇಳುವುದಾದರೆ, ಇಲ್ಲಿ ಮುಖ್ಯವಾದದ್ದು ನಿಮಿಷಗಳ ಲೆಕ್ಕವಲ್ಲ, ರಾತ್ರಿಗಳ ಲೆಕ್ಕ. ಕತ್ತರಿ ಬಿದ್ದ ಪ್ರತಿಯಲ್ಲಿ, ಕಾಣೆಯಾದ ಹುಡುಗಿಯನ್ನು ಹುಡುಕಿಕೊಂಡು ಬಂದ ಪೊಲೀಸ್ ಸಾರ್ಜೆಂಟ್ ಹೌಯಿ ದ್ವೀಪದ ಹೋಟೆಲಿನಲ್ಲಿ ಒಂದೇ ರಾತ್ರಿ ಕಳೆಯುತ್ತಾನೆ. ಉಳಿದೆರಡರಲ್ಲಿ ಎರಡು ರಾತ್ರಿ. ಮೊದಲ ರಾತ್ರಿ ಕ್ರಿಸ್ಟೋಫರ್ ಲೀ ಅಭಿನಯಿಸಿದ ದ್ವೀಪದ ಒಡೆಯ ಲಾರ್ಡ್ ಸಮರ್‌ಐಲ್ ಒಬ್ಬ ಹುಡುಗನನ್ನು ಹೋಟೆಲಿನವನ ಮಗಳು ವಿಲೋಳ ಕಿಟಕಿಯ ಕೆಳಗೆ ಕರೆತರುತ್ತಾನೆ, ಕೆಳಗಿನ ಪಡಸಾಲೆಯಲ್ಲಿ ಜನ ಹಾಡುತ್ತಾರೆ, ಮೇಲೆ ಹೌಯಿ ಒಬ್ಬನೇ ಕುಳಿತು ಪ್ರಾರ್ಥಿಸುತ್ತಾನೆ. ವಿಲೋ ಗೋಡೆಯಾಚೆಯಿಂದ ಅವನನ್ನು ಸೆಳೆಯುವುದು ಮರುದಿನ. ಈ ದೃಶ್ಯ ಇಲ್ಲದಿದ್ದರೆ ಲಾರ್ಡ್‌ನ ಪ್ರವೇಶವೇ ತಡವಾಗುತ್ತದೆ, ಹೌಯಿಯನ್ನು ಪರೀಕ್ಷಿಸುತ್ತಿದ್ದಾರೆ ಎಂಬ ಸುಳಿವೂ ತೆಳುವಾಗುತ್ತದೆ. ದೀರ್ಘ ರೂಪದ ಆರಂಭದಲ್ಲಿ ಬರುವ, ಸಹೋದ್ಯೋಗಿಗಳು ಹೌಯಿಯ ದೈವಭಕ್ತಿಯನ್ನು ಗೇಲಿ ಮಾಡುವ ಪೊಲೀಸರ ದೃಶ್ಯಗಳನ್ನು ಬಿಟ್ಟರೆ ಮಾತ್ರ ನನ್ನ ದೃಷ್ಟಿಯಲ್ಲಿ ಯಾವ ನಷ್ಟವೂ ಇಲ್ಲ; ಅಲ್ಲಿ ತಿಳಿಯುವುದೆಲ್ಲ ಅವನ ಮುಖ ನೋಡಿದರೇ ತಿಳಿಯುತ್ತದೆ. ಹಾಗಾಗಿ ಮೊದಲ ಸಲ ನೋಡುವವರಿಗೆ ‘ಫೈನಲ್ ಕಟ್’ ಸಾಕು. ದೀರ್ಘ ರೂಪವನ್ನು ಚಿತ್ರ ಇಷ್ಟವಾದವರು ಆಮೇಲೆ ನೋಡಿಕೊಳ್ಳಬಹುದು.

‘ದಿ ಲೈಫ್ ಅಂಡ್ ಡೆತ್ ಆಫ್ ಕರ್ನಲ್ ಬ್ಲಿಂಪ್’ ವಿಷಯದಲ್ಲಿ ಇಂಥ ಆಯ್ಕೆಗೆ ಅವಕಾಶವೇ ಇಲ್ಲ, 163 ನಿಮಿಷಗಳ ಪ್ರತಿಯನ್ನೇ ನೋಡಬೇಕು. ಯುದ್ಧದ ನಡುವೆ, 1943ರಲ್ಲಿ, ಚರ್ಚಿಲ್ ಅವರ ವಿರೋಧವನ್ನು ಎದುರಿಸಿ ಬಿಡುಗಡೆಯಾದ ಪೊವೆಲ್ ಮತ್ತು ಪ್ರೆಸ್‌ಬರ್ಗರ್ ಅವರ ಈ ಚಿತ್ರ ಮುದುಕ ಸೈನ್ಯಾಧಿಕಾರಿಯೊಬ್ಬನ ಅವಮಾನದಿಂದ ಆರಂಭವಾಗಿ, 1902ಕ್ಕೆ ಹಿಂದೆ ಹೋಗಿ, ಮತ್ತೆ ಅದೇ ಅವಮಾನಕ್ಕೆ ಬಂದು ಸೇರುತ್ತದೆ. ಆ ಹೊತ್ತಿಗೆ ನಾವು ಆತನನ್ನು ನೋಡುವ ಕಣ್ಣೇ ಬದಲಾಗಿರುತ್ತದೆ. ನಂತರ ಬಂದ ಮೊಟಕು ಪ್ರತಿಗಳು ಈ ಹಿನ್ನೋಟವನ್ನೇ ಕಿತ್ತುಹಾಕಿ ಕಥೆಯನ್ನು ಇಸವಿಯ ಕ್ರಮದಲ್ಲಿ ಜೋಡಿಸಿದವು. ಹಾಗೆ ಜೋಡಿಸಿದ್ದು ಒಬ್ಬ ಸೈನ್ಯಾಧಿಕಾರಿಯ ಜೀವನ ಚರಿತ್ರೆಯಾದೀತೇ ಹೊರತು ಈ ಚಿತ್ರವಾಗದು. 1980ರ ದಶಕದಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯ ಮೂಲ ಉದ್ದವನ್ನು ಮರಳಿ ತಂದಿತು. 2011ರಲ್ಲಿ ಬೂಷ್ಟು ಹಿಡಿದಿದ್ದ ಮೂರು ಪಟ್ಟಿಗಳ (ಮೂರು ಮೂಲ ಬಣ್ಣಗಳನ್ನು ಬೇರೆ ಬೇರೆ ಫಿಲ್ಮಿನಲ್ಲಿ ಹಿಡಿದ) ಟೆಕ್ನಿಕಲರ್ ನೆಗೆಟಿವ್‌ಗಳಿಂದ ಬಣ್ಣವೂ ಮರಳಿತು. ಮೊದಲು ಉದ್ದ, ಕಾಲು ಶತಮಾನದ ನಂತರ ಬಣ್ಣ. ಈಗ ಸಿಗುವ ಬ್ಲೂ-ರೇಯಲ್ಲಿ ಎರಡೂ ಇವೆ, ಕೊಟ್ಟ ಹಣಕ್ಕೆ ಮೋಸವಿಲ್ಲ.

‘ಲಾರೆನ್ಸ್ ಆಫ್ ಅರೇಬಿಯಾ’ದ ಕಥೆ ಇನ್ನೂ ಗೋಜಲು. 1962ರ ಮೊದಲ ಪ್ರದರ್ಶನದಲ್ಲಿ 222 ನಿಮಿಷಗಳಿದ್ದ ಚಿತ್ರ ಕೆಲವೇ ವಾರಗಳಲ್ಲಿ ಸುಮಾರು 20 ನಿಮಿಷ ಕಳೆದುಕೊಂಡಿತು, ಮುಂದಿನ ಮರುಬಿಡುಗಡೆಯಲ್ಲಿ 187ಕ್ಕೆ ಇಳಿಯಿತು. ಮುಂದೆ ರಾಬರ್ಟ್ ಹ್ಯಾರಿಸ್ ಅವರ ನೇತೃತ್ವದಲ್ಲಿ ನಡೆದ ಪುನರುದ್ಧಾರದಲ್ಲಿ ಬಿಟ್ಟುಹೋದ ದೃಶ್ಯಗಳು ಸಿಕ್ಕರೂ ಕೆಲವಕ್ಕೆ ಧ್ವನಿ ಇರಲಿಲ್ಲ. ಪೀಟರ್ ಒಟೂಲ್, ಅಲೆಕ್ ಗಿನ್ನೆಸ್ ಮುಂತಾದವರು ಕಾಲು ಶತಮಾನದ ಹಿಂದಿನ ತಮ್ಮದೇ ತುಟಿಗಳ ಚಲನೆಗೆ ಮತ್ತೆ ಮಾತು ಕೊಟ್ಟರು. ಆ ವೇಳೆಗೆ ತೀರಿಕೊಂಡಿದ್ದ ಜ್ಯಾಕ್ ಹಾಕಿನ್ಸ್ ಅವರಿಗೆ ಚಾರ್ಲ್ಸ್ ಗ್ರೇ ಧ್ವನಿಯಾದರು. ಹಾಗಿದ್ದೂ ಹೀಗೆ ಸಿದ್ಧವಾದ 1989ರ ಪ್ರತಿ 222 ನಿಮಿಷಗಳದ್ದಲ್ಲ, ಏಕೆಂದರೆ ನಿರ್ದೇಶಕ ಡೇವಿಡ್ ಲೀನ್ ಸ್ವತಃ ಕುಳಿತು ಕೆಲವೆಡೆ ಮತ್ತೆ ಬಿಗಿಗೊಳಿಸಿದರು. ಡಿಸ್ಕ್‌ನ ಮೇಲೆ 227 ನಿಮಿಷ ಎಂದಿದ್ದರೆ ಅದರಲ್ಲಿ ಆರಂಭ ಮತ್ತು ಮಧ್ಯಂತರದ ಸಂಗೀತವೂ ಸೇರಿದೆ ಎಂದು ತಿಳಿಯಬೇಕು. ವಿಎಚ್‌ಎಸ್ ಕಾಲದ ಪ್ರತಿಗಳಲ್ಲಿ ಕತ್ತರಿ ಅಗಲಕ್ಕೂ ಬಿದ್ದಿತ್ತು: 70 ಎಂಎಂ ಚೌಕಟ್ಟಿನ ಎರಡೂ ಅಂಚನ್ನು ಕೊಯ್ದು ಚೌಕಾಕಾರದ ಟೀವಿಗೆ ತುಂಬಿದ್ದರಿಂದ ಮರುಭೂಮಿಯ ಅರ್ಧಭಾಗವೇ ಕಾಣುತ್ತಿರಲಿಲ್ಲ.

ಅವಧಿ ನೋಡಿ ಪ್ರತಿಯನ್ನು ಗುರುತಿಸುವವರು ಒಂದು ವಿಷಯ ನೆನಪಿಡಬೇಕು. ಬ್ರಿಟನ್ನಿನ ಡಿವಿಡಿಗಳು ಪಾಲ್ (PAL) ಎಂಬ ಟೀವಿ ಪದ್ಧತಿಯವು. ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರವನ್ನು ಅವು 25ರ ವೇಗದಲ್ಲಿ ಓಡಿಸುತ್ತವೆ. ಆದ್ದರಿಂದ ‘ದಿ ಥರ್ಡ್ ಮ್ಯಾನ್’ನ 104 ನಿಮಿಷಗಳ ಬ್ರಿಟಿಷ್ ಪ್ರತಿ ಡಿವಿಡಿಯಲ್ಲಿ 100 ನಿಮಿಷಕ್ಕೆ ಮುಗಿದರೆ ಅಲ್ಲಿ ಏನೂ ಕತ್ತರಿಸಿಲ್ಲ, ಜಿದರ್ ವಾದ್ಯದ ಶ್ರುತಿ ಸ್ವಲ್ಪ ಏರಿರಬಹುದು ಅಷ್ಟೆ. ನಿಜವಾಗಿ ಕತ್ತರಿ ಬಿದ್ದದ್ದು 93 ನಿಮಿಷಗಳ ಅಮೆರಿಕನ್ ಪ್ರತಿಗೆ. ಅದನ್ನು ಆರಂಭದ ನಿರೂಪಣೆಯಿಂದಲೇ ಗುರುತಿಸಬಹುದು: ಬ್ರಿಟಿಷ್ ಪ್ರತಿಯಲ್ಲಿ ನಿರ್ದೇಶಕ ಕ್ಯಾರೊಲ್ ರೀಡ್ ಅವರ ವ್ಯಂಗ್ಯದ ಧ್ವನಿ ಕೇಳಿಸಿದರೆ, ಅಮೆರಿಕನ್ ಪ್ರತಿಯಲ್ಲಿ ನಾಯಕ ಜೋಸೆಫ್ ಕಾಟನ್ ಅವರದು. ಬ್ಲೂ-ರೇಗಳಲ್ಲಿ ಸಾಮಾನ್ಯವಾಗಿ ಈ ವೇಗದ ತೊಡಕು ಇರುವುದಿಲ್ಲ.

ಭಾರತದಲ್ಲಿ ಕೊಳ್ಳುವವರಿಗೆ ಇನ್ನೊಂದು ತೊಡಕಿದೆ. ಬ್ಲೂ-ರೇ ಹಂಚಿಕೆಯಲ್ಲಿ ಭಾರತ ಸಿ ವಲಯದಲ್ಲಿದೆ, ಬ್ರಿಟನ್ ಬಿ ವಲಯದಲ್ಲಿ, ಅಮೆರಿಕ ಎ ವಲಯದಲ್ಲಿ. ವಲಯದ ಬೀಗವಿರುವ ಬ್ರಿಟಿಷ್ ಡಿಸ್ಕ್ ಇಲ್ಲಿನ ಸಾಮಾನ್ಯ ಪ್ಲೇಯರಿನಲ್ಲಿ ಓಡುವುದಿಲ್ಲ; ಎಲ್ಲ ವಲಯಗಳನ್ನೂ ಓದುವ ಪ್ಲೇಯರಿಗೆ ಮೊದಲು ಖರ್ಚು ಮಾಡಬೇಕು. 4ಕೆ ಡಿಸ್ಕ್‌ಗಳಿಗೆ ಈ ಬೀಗವಿಲ್ಲ, ಆದರೆ ಅದೇ ಪೆಟ್ಟಿಗೆಯಲ್ಲಿರುವ ಬ್ಲೂ-ರೇಗೆ ಇರಬಹುದು. ಹಳೆಯ ರೂಪಗಳನ್ನು ಹಲವು ಸಲ ಆ ಬ್ಲೂ-ರೇಯಲ್ಲೇ ಹಾಕಿರುವುದರಿಂದ, ಯಾವ ರೂಪ ಯಾವ ಡಿಸ್ಕ್‌ನಲ್ಲಿದೆ ಎಂದು ಹಣ ಕೊಡುವ ಮುನ್ನವೇ ಓದಿಕೊಳ್ಳುವುದು ಒಳ್ಳೆಯದು.