ಬೆಳಗಾವಿ ಮಳೆಗಾಲ, ಸಾಗವಾನಿ ಮತ್ತು ತೇವ: ನಾಲ್ಕು ಉಪಾಯ ಮಾಡಿ ನೋಡಿದೆ

ಏಪ್ರಿಲ್‌ನಲ್ಲಿ ಒಂದು ಸಾಗವಾನಿ ಡ್ರಾವರ್ ಮಾಡಿದ್ದೆ. ಒಂದು ಬೆರಳಿನಿಂದ ತಳ್ಳಿದರೆ ಒಳಗೆ ಹೋಗುತ್ತಿತ್ತು. ಜುಲೈನಲ್ಲಿ ಎರಡೂ ಕೈ ಹಾಕಿ ಎಳೆದರೂ ಹೊರಗೆ ಬರಲಿಲ್ಲ. ಅಳೆದು ನೋಡಿದರೆ 200 ಮಿಲಿಮೀಟರ್ ಅಗಲವಿದ್ದ ಮುಂದಿನ ಹಲಗೆ 202 ಆಗಿತ್ತು. ಉದ್ದ ಮಾತ್ರ ಇದ್ದಷ್ಟೇ ಇತ್ತು. ಮರ ಉಬ್ಬುವುದು ಎಳೆಗೆ ಅಡ್ಡವಾಗಿ, ಅಲ್ವಾ? ನಮ್ಮ ಓಣಿಯ ಬಡಗಿ ಕಾಕಾ ನೋಡಿ, "ಮಳಿಗಾಲದಾಗ ಕಟಗಿ ನೀರು ಕುಡಿತೈತ್ರೀ ಸರ, ಅದಕ್ಕ ಜಾಗಾ ಬಿಡಬೇಕ್ರೀ" ಅಂದರು.

ನನ್ನ ಕೆಲಸದ ಕೋಣೆ ಟಿಳಕವಾಡಿಯ ಮನೆಯ ಹಿಂದಿದೆ. ಹತ್ತು ಅಡಿಗೆ ಹನ್ನೆರಡು ಅಡಿ, ಮೇಲೆ ಹಂಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಜಿಟಿಜಿಟಿ ಮಳೆ ನಿಮಗೆ ಗೊತ್ತೇ ಇದೆ. ಮೊದಲು ಗಾಳಿಯ ತೇವ ತೋರಿಸುವ ಒಂದು ಸಣ್ಣ ಮೀಟರ್ ತಂದೆ. ಅದನ್ನು ಹಾಗೇ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು, ಮೀಟರ್ ಜೊತೆ ಬಿಗಿಯಾದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಅದು ಶೇಕಡಾ 75 ತೋರಿಸಬೇಕು. ನನ್ನದು 69 ತೋರಿಸಿತು. ಅಂದಿನಿಂದ ಅದು ಹೇಳಿದ್ದಕ್ಕೆ ಆರು ಸೇರಿಸಿ ಓದುತ್ತೇನೆ.

ಮೊದಲ ಮಳೆಗಾಲ ಕಿಟಕಿ ತೆಗೆದು ಫ್ಯಾನ್ ಹಾಕಿದೆ. ಗಾಳಿ ಆಡಿದರೆ ಒಣಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೊರಗಿನ ಗಾಳಿಯೇ ಶೇಕಡಾ 90 ತೇವ ಇರುವಾಗ ಒಳಗೆ ಬರುವುದೂ ಅದೇ ಗಾಳಿ. ಒಂದು ವಾರದಲ್ಲಿ ಮರ ಹೆರೆಯುವ ರಂದಾದ ತಳಕ್ಕೆ ಕೆಂಪು ಚುಕ್ಕೆ ಬಿದ್ದವು. ಮಳೆಯಲ್ಲಿ ಇದನ್ನು ಮಾಡಲೇಬೇಡಿ.

ಆಮೇಲೆ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು. ಬಟ್ಟೆ ಕಪಾಟಿನಲ್ಲಿ ಇಡುತ್ತಾರಲ್ಲ, ಅವೇ. ನಾಲ್ಕು ಡಬ್ಬಿ ಇಟ್ಟರೂ ಕೋಣೆ 88ರಿಂದ 86ಕ್ಕೆ ಬಂದು ನಿಂತಿತು. ಅದೇ ಒಂದು ಡಬ್ಬಿಯನ್ನು ಉಳಿಗಳಿದ್ದ ತಗಡಿನ ಟ್ರಂಕಿನಲ್ಲಿ ಇಟ್ಟು ಮುಚ್ಚಿದಾಗ, ಎರಡು ದಿನಕ್ಕೆ 55! ತುಂಬಾ ಖುಷಿಯಾಯಿತು. ಆದರೆ ಒಂದು ದಿನ ಟ್ರಂಕ್ ಎಳೆಯುವಾಗ ಡಬ್ಬಿ ಮಗುಚಿತು. ಅದು ಎಳೆದುಕೊಂಡ ನೀರು ಬರೀ ನೀರಲ್ಲ, ಜಿಡ್ಡು ಜಿಡ್ಡಾದ ಉಪ್ಪುನೀರು. ಅಪ್ಪನ ಕಾಲದ ಒಂದು ಇಂಚಿನ ಉಳಿ ರಾತ್ರಿಯಿಡೀ ಅದರಲ್ಲಿ ನೆನೆಯಿತು. ಬೆಳಿಗ್ಗೆ ಅದರ ಬಾಯಿಯ ಹತ್ತಿರ ಜಂಗು ತಿಂದ ಗುಳಿಗಳು. ಎಷ್ಟು ಮಸೆದರೂ ಒಂದು ಗುಳಿ ಇನ್ನೂ ಹೋಗಿಲ್ಲ. ನೋಡಿದಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತದೆ.

ಅದಕ್ಕೇ ಉಪಕರಣಗಳಿಗೆ ಬಲ್ಬಿನ ಕಪಾಟು ಮಾಡಿದೆ. ಹಳೆಯ ಕಪಾಟಿನ ಕೆಳಗೆ 60 ವ್ಯಾಟಿನ ಹಳೆ ಮಾದರಿ ಬಲ್ಬು, ಅದರ ಸುತ್ತ ತಂತಿ ಜಾಲರಿ. ಎಲ್‌ಇಡಿ ನಡೆಯುವುದಿಲ್ಲ, ನಮಗೆ ಬೇಕಾದದ್ದು ಬಿಸಿ. ಬಲ್ಬು ನೀರನ್ನು ತೆಗೆಯುವುದಿಲ್ಲ. ಗಾಳಿ ಬಿಸಿಯಾದರೆ ಅದೇ ನೀರು ಅದಕ್ಕೆ ಕಡಿಮೆ ಅನಿಸುತ್ತದೆ, ಅಷ್ಟೇ. ಒಳಗೆ ಆರು ಡಿಗ್ರಿ ಏರಿತು, ತೇವ 85ರಿಂದ 62ಕ್ಕೆ ಇಳಿಯಿತು. ದಿನಕ್ಕೆ ಸುಮಾರು ಒಂದೂವರೆ ಯೂನಿಟ್ ಕರೆಂಟ್. ಕರೆಂಟ್ ಹೋದರೆ ಎರಡು ತಾಸಿನಲ್ಲಿ ಎಲ್ಲಾ ಮೊದಲಿನಂತೆ. ಬಲ್ಬಿನ ಹತ್ತಿರ ಹೊಟ್ಟು, ಪುಡಿ ಒಂದು ಚಿಟಿಕೆಯೂ ಇರಬಾರದು, ಬೆಂಕಿ ಹತ್ತೀತು.

ಇನ್ನು ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯಿಂದ ನೀರು ತೆಗೆಯುವ ಮೆಷೀನು. ದುಬಾರಿ, ಅದಕ್ಕೇ ಕೊನೆಗೆ ತಂದೆ. ಮೊದಲ ರಾತ್ರಿ ಪೂರ್ತಿ ಓಡಿತು. ತೊಟ್ಟಿಯಲ್ಲಿ ಮೂರು ಲೀಟರ್ ನೀರು, ಮೀಟರಿನಲ್ಲಿ ಮಾತ್ರ 78. ಇಷ್ಟು ದುಡ್ಡು ದಂಡವಾಯಿತೇ ಅಂತ ಅಳುಕಿತು. ಮೇಲೆ ನೋಡಿದೆ. ಹಂಚಿನ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಇಡೀ ಟಿಳಕವಾಡಿಯ ಗಾಳಿಯನ್ನು ಒಣಗಿಸಲು ಹೊರಟಿದ್ದೆ ನಾನು. ಹಂಚಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದು, ಬಾಗಿಲ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ಮರುದಿನ ಬೆಳಿಗ್ಗೆ 58. ಹತ್ತು ತಾಸಿಗೆ ಎರಡೂವರೆ ಯೂನಿಟ್ ಆಗುತ್ತದೆ. ಮರ ಕೊಯ್ಯುವಾಗ ಮಾತ್ರ ಅದನ್ನು ಆರಿಸಿ ಬಟ್ಟೆ ಮುಚ್ಚಿ, ಇಲ್ಲದಿದ್ದರೆ ಜಾಲರಿಗೆ ಪುಡಿ ಕಟ್ಟಿಕೊಳ್ಳುತ್ತದೆ.

ನನ್ನನ್ನು ಕೇಳಿದರೆ, ಬರೀ ಉಳಿ, ರಂದಾ ಕಾಪಾಡಬೇಕಿದ್ದರೆ ಬಲ್ಬಿನ ಕಪಾಟು ಸಾಕು, ಮೆಷೀನಿಗೆ ಸುಮ್ನೆ ದುಡ್ಡು ಹಾಕಬೇಡಿ. ಹಲಗೆ ಒಣಗಿಸಿಟ್ಟು ಮಳೆಗಾಲದಲ್ಲೂ ಜೋಡಣೆ ಕೆಲಸ ಮಾಡುವವರಿಗೆ ಮೆಷೀನೇ ಬೇಕು. ಆದರೆ ಮೊದಲು ಮಾಡಿನ ಸಂದಿ ಮುಚ್ಚಿ, ಆಮೇಲೆ ಅಂಗಡಿಗೆ ಹೋಗಿ. 50ಕ್ಕಿಂತ ಕೆಳಗೆ ಒಣಗಿಸುವುದೂ ಬೇಡ. ನಾವು ಮಾಡಿದ ಡ್ರಾವರ್ ಕೊನೆಗೆ ಇರುವುದು ಮಳೆಗಾಲದ ಬೆಳಗಾವಿ ಮನೆಯಲ್ಲೇ. ವಿಜಯಪುರಕ್ಕೆ ಹೋಗುವ ಟೇಬಲ್ ಆದರೆ ಲೆಕ್ಕ ತಿರುವುಮುರುವು, ಅಲ್ಲಿಯ ಬೇಸಿಗೆಯಲ್ಲಿ ಹಲಗೆ ಕುಗ್ಗುತ್ತದೆ.

ಹಳೆಯ ಡ್ರಾವರಿನ ಮೇಲಂಚನ್ನು ಎರಡು ಮಿಲಿಮೀಟರ್ ರಂದಾ ಹೊಡೆದೆ. ಈಗ ಬೇಸಿಗೆಯಲ್ಲಿ ಮೇಲೆ ಒಂದು ಸಣ್ಣ ಸಂದಿ ಕಾಣುತ್ತದೆ. ಕಾಕಾ ಹೇಳಿದ ಜಾಗ ಅದೇ.