ಸ್ಲೋ ಕುಕ್ಕರ್ ತಗೋಬೇಕೋ ಬ್ಯಾಡೋ? ಕಲಬುರಗಿ ಮನ್ಯಾಗ ಗ್ರೀಕ್ ಕಡ್ಲಿ ಮಾಡಿ ನೋಡಿದ್ಮ್ಯಾಗ ಬರ್ದಿದ್ದು

ಮೊದ್ಲೇ ಹೇಳಿಬಿಡ್ತೀನಿ, ದಿನಾ ಬ್ಯಾಳಿ ಕುದಸಾಕ ಅಂತ ಸ್ಲೋ ಕುಕ್ಕರ್ (ತಾಸುಗಟ್ಲೆ ಸಾವಕಾಶ ಬೇಯ್ಸೋ ಕರೆಂಟಿನ ಪಾತ್ರಿ) ತಗೋಳೋ ವಿಚಾರ ಇದ್ರ ಬ್ಯಾಡ್ರಿ, ರೊಕ್ಕ ಉಳಿಸ್ಕೊಳ್ರಿ. ನಮ್ಮ ಕಲಬುರಗಿ ತೊಗರಿ, 2019ರಾಗ ಜಿಐ ಟ್ಯಾಗ್ (ಈ ಊರಿನ ಮಾಲು ಅಂತ ಸರ್ಕಾರ ಕೊಡೋ ಗುರುತು) ಬಂದದ್ದು, ಪ್ರೆಶರ್ ಕುಕ್ಕರ್‌ನ್ಯಾಗ ಮೂರ್ನಾಕ್ ಸೀಟಿ ಹೊಡದ್ರ ಮುಗೀತು, ಅದಕ್ಕ ಎಂಟ್ ತಾಸು ಮಷೀನ್ ಹಚ್ಚಿ ಕೂಡೋದು ಕೆಲಸ ಇಲ್ದವ್ರ ಕೆಲಸ. ಆದ್ರ ರವಿವಾರ ಮನಿಮಂದಿ ಎಲ್ಲಾ ಇರ್ತಾರ, ಮುಂಜಾನಿ ಎದ್ದು ಒಲಿ ಮುಂದ ನಿಲ್ಲೋದು ಬ್ಯಾಡ ಅನ್ನೋರಿಗೆ ಇದು ಬಾಳ ಛೊಲೊ ಸಾಮಾನು.

ನಂದು 3.5 ಲೀಟರ್‌ದು. ಒಳಗ ದಪ್ಪನ್ ಪಿಂಗಾಣಿ ಪಾತ್ರಿ, ಮ್ಯಾಲ ಗ್ಲಾಸಿನ ಮುಚ್ಚಳ, ಮುಂದ ತಿರುವೋ ಬಟನ್ ಒಂದು, ಲೋ, ಹೈ, ವಾರ್ಮ್, ಅಷ್ಟೇ. ಬ್ರ್ಯಾಂಡ್ ಹೆಸರು ಹಾಕಂಗಿಲ್ಲ, ಈ ರೇಟಿನ್ಯಾಗ ಬರೋವೆಲ್ಲಾ ಒಳಗ ಹೆಚ್ಚುಕಮ್ಮಿ ಒಂದೇ ನಮೂನಿ ಇರ್ತಾವ. ಕರೆಂಟ್ ಬಿಲ್ ಬಗ್ಗೆ ಎಲ್ಲಾರೂ ಕೇಳ್ತಾರ, ತಳದಾಗ 200 ವ್ಯಾಟ್ ಅಂತ ಬರ್ದಾರ, ಅಂದ್ರ ಎಂಟ್ ತಾಸು ಹಚ್ಚಿದ್ರೂ ಹೆಚ್ಚಂದ್ರ 1.6 ಯೂನಿಟ್. ಇನ್ನ ಲೋ ಅಂದ್ರ ಕಮ್ಮಿ ಬಿಸಿ, ಹೈ ಅಂದ್ರ ಜಾಸ್ತಿ ಬಿಸಿ ಅಂತ ತಿಳ್ಕೊಂಡಾರ ಬಾಳ ಮಂದಿ, ಹಂಗಲ್ಲ, ಕಡೀಕ ಎರಡೂ ಕುದಿ ಬರೋ ಹತ್ರಾನೇ ಹೋಗಿ ನಿಲ್ತಾವ, ಹೈ ಲಗೂ ಮುಟ್ತದ, ಲೋ ತಡ ಮಾಡಿ ಮುಟ್ತದ.

ನಾ ಇದನ್ನ ತಗೊಂಡಿದ್ದೇ ಒಂದು ಅಡಿಗಿ ಸಲುವಾಗಿ. ಗ್ರೀಸ್ ದೇಶದಾಗ ಸಿಫ್ನೋಸ್ ಅಂತ ಒಂದು ಸಣ್ಣ ದ್ವೀಪ ಅದ, ಅಲ್ಲಿ ಶನಿವಾರ ಸಂಜಿಕ ಕಾಬೂಲಿ ಕಡ್ಲಿ, ಉಳ್ಳಾಗಡ್ಡಿ, ಆಲಿವ್ ಎಣ್ಣಿ ಮಣ್ಣಿನ ಗಡಿಗ್ಯಾಗ ಹಾಕಿ ಮುಚ್ಚಳ ಮುಚ್ಚಿ ಕಟ್ಟಿಗಿ ಭಟ್ಟಿಯೊಳಗ ಇಟ್ಟುಬಿಡ್ತಾರ, ರಾತ್ರಿಪೂರಾ ಅದು ಅಲ್ಲೇ ಬೇಯ್ತದ, ರವಿವಾರ ಚರ್ಚ್ ಮುಗಿಸ್ಕೊಂಡು ಬಂದು ಉಣ್ತಾರ. ರೆವಿಥಾಡಾ ಅಂತಾರ ಅದಕ್ಕ. ಮಜಾ ಏನಂದ್ರ ಈ ಮಷೀನ್ ಹುಟ್ಟಿದ್ದೂ ಇಂಥದ್ದೇ ಒಂದು ಭಟ್ಟಿಯಿಂದನೇ. ಅಮೆರಿಕಾದ ಇರ್ವಿಂಗ್ ನ್ಯಾಕ್ಸನ್ ಅನ್ನೋರಿಗೆ ಅವ್ರ ತಾಯಿ ಹೇಳಿದ್ರಂತ, ಲಿಥುವೇನಿಯಾದಾಗ ಯಹೂದಿ ಮಂದಿ ಶನಿವಾರದ ಸಬ್ಬತ್ (ವಾರದ ಪವಿತ್ರ ವಿಶ್ರಾಂತಿ) ದಿನ ಬೆಂಕಿ ಹಚ್ಚಂಗಿಲ್ಲಂತ ಹಿಂದಿನ ದಿನಾನೇ ಗಡಿಗಿ ಒಯ್ದು ಬ್ರೆಡ್ ಸುಡೋರ ಭಟ್ಟ್ಯಾಗ ಇಟ್ಟು ಬರ್ತಿದ್ರು ಅಂತ. ಅದನ್ನ ಕೇಳಿ ಅವ್ರು ಮಾಡಿದ ಕರೆಂಟಿನ ಪಾತ್ರಿಗೆ 1940ರಾಗ ಪೇಟೆಂಟ್ ಸಿಕ್ತು, 1971ರಾಗ ಬ್ಯಾರೆ ಕಂಪನಿ ಅದನ್ನೇ ಕ್ರಾಕ್ ಪಾಟ್ ಅಂತ ಹೆಸರಿಟ್ಟು ಮಾರಾಕ ಹತ್ತಿತು. ಹಂಗಾಗಿ ರೆವಿಥಾಡಾ ಇದ್ರಾಗ ಸರಿಯಾಗಿ ಬರ್ಲೇಬೇಕು ಅಂತ ನಂಬಿಕಿ ಇತ್ತು, ಬಂತು ಸೈತ.

ಮಾಡೋದು ಹಿಂಗ. ಅರ್ಧಾ ಕೆಜಿ ಕಾಬೂಲಿ ಕಡ್ಲಿ ಹನ್ನೆರಡು ತಾಸು ನೆನೀಬೇಕು. ಇಲ್ಲೇ ನಮ್ಮೂರ ನೀರಿನ ಮಾತು ಬರ್ತದ ನೋಡ್ರಿ, ನಮ್ಮ ಓಣಿ ಬೋರ್ ನೀರು ಗಡಸು, ಗಡಸು ನೀರಿನ್ಯಾಗಿರೋ ಕ್ಯಾಲ್ಶಿಯಂ ಕಾಳಿನ ಸಿಪ್ಪಿ ಬಿಗಿ ಹಿಡೀತದ, ಎಷ್ಟು ಬೇಯ್ಸಿದ್ರೂ ಒಳಗ ಗಟ್ಟಿ. ಪ್ರೆಶರ್ ಕುಕ್ಕರ್‌ನ್ಯಾಗ ಇದು ಗೊತ್ತಾಗಂಗಿಲ್ಲ, ಸೀಟಿ ಹೊಡದು ಹೊಡದು ಮೆತ್ತಗ ಮಾಡಿಬಿಡ್ತದ, ಸ್ಲೋ ಕುಕ್ಕರ್‌ನ್ಯಾಗ ಮಾತ್ರ ಮುಂಜಾನಿ ಎದ್ದು ನೋಡಿದ್ರ ಕಡ್ಲಿ ಕಡ್ಲಿಯಂಗೇ ಕುಂತಿರ್ತದ. ಅದಕ್ಕ ನೆನೆಸಾಕೂ ಬೇಯ್ಸಾಕೂ ಆರ್‌ಓ ಫಿಲ್ಟರ್ ನೀರೇ, ನೆನಸೋ ಮುಂದ ಚಿಟಿಕಿ ಅಡಿಗಿ ಸೋಡಾ ಹಾಕಿ ಆಮ್ಯಾಲ ಆ ನೀರು ಚೆಲ್ಲಿ ಕಡ್ಲಿ ತೊಳೀರಿ. ದೊಡ್ಡ ಉಳ್ಳಾಗಡ್ಡಿ ಮೂರ್ನಾಕು ಉದ್ದಕ ಹೆಚ್ಚಿ ಪಾತ್ರಿ ತಳಕ್ಕ ಹಾಸಿ, ಮ್ಯಾಲ ಕಡ್ಲಿ, ತೇಜ್‌ಪತ್ತಾ ಎರಡು, ಉಪ್ಪು, ಕರಿಮೆಣಸು, ಅರ್ಧಾ ಕಪ್ ಆಲಿವ್ ಎಣ್ಣಿ (ಹೌದ್ರಿ ಅರ್ಧಾ ಕಪ್, ಜೀವ ಚುರ್ ಅಂತದ ಆದ್ರ ಹಾಕ್ರಿ, ಶೇಂಗಾ ಎಣ್ಣಿಗೂ ಬೇಯ್ತದ ಖರೆ ಅದು ನಮ್ಮ ಪಲ್ಯದಂಗೇ ಆಗ್ತದ), ಕಡ್ಲಿ ಮುಳುಗಿ ಒಂದ್ ಬೆರಳಷ್ಟು ಮ್ಯಾಲ ನಿಲ್ಲೋ ಹಂಗ ನೀರು. ನಿಂಬಿಹಣ್ಣು ಈಗ ಬ್ಯಾಡ, ಹುಳಿ ಮೊದ್ಲೇ ಬಿದ್ರ ಕಾಳು ಬೇಯಾಕ ತಡ ಮಾಡ್ತದ, ತಾಟಿಗೆ ಹಾಕ್ಕೊಂಡ್ಮ್ಯಾಗ ಹಿಂಡ್ರಿ. ರಾತ್ರಿ ಹತ್ತಕ್ಕ ಲೋ ಮ್ಯಾಲ ಇಟ್ಟು ಮಲಕೊಳ್ರಿ. ನಡುವ ಎದ್ದು ಮುಚ್ಚಳ ತೆಗೆದು ನೋಡೋ ಚಟ ಇದ್ರ ಬಿಡಬೇಕು, ಒಮ್ಮೆ ತೆಗದ್ರ ಹೋದ ಬಿಸಿ ತಿರಗಿ ಬರಾಕ ಇಪ್ಪತ್ತು ಮೂವತ್ತು ನಿಮಿಷ ಹಿಡೀತದ.

ಮುಂಜಾನಿ ನೋಡಿದ್ರ ಉಳ್ಳಾಗಡ್ಡಿ ಎಲ್ಲಿ ಹೋತೋ ಗೊತ್ತಿಲ್ಲ, ಕರಗಿ ರಸದಾಗ ಸೇರಿರ್ತದ, ಕಡ್ಲಿ ಒಂದೂ ಒಡದಿರಂಗಿಲ್ಲ ಆದ್ರ ಬಾಯಾಗ ಇಟ್ರ ನಾಲಿಗಿಗೇ ಹಿಸುಕಿ ಹೋಗ್ತದ. ಸೀಟಿ ಹೊಡದ ಕಡ್ಲಿಗೆ ಈ ಗುಣ ಇಲ್ರಿ, ಅದು ಒಂದೋ ಗಟ್ಟಿ ಇರ್ತದ ಒಂದೋ ಹಿಟ್ಟಾಗಿರ್ತದ. ನಮ್ಮತ್ತಿ ಒಂದ್ ಚಮಚಾ ಬಾಯಿಗೆ ಹಾಕ್ಕೊಂಡು "ಒಗ್ಗರಣಿ ಇಲ್ಲ, ಖಾರ ಇಲ್ಲ, ಯಾರ್ಗರ ಮೈಯಾಗ ಆರಾಮಿಲ್ಲೇನವಾ" ಅಂದ್ರು. "ಜರಾ ನಿಂಬಿಹಣ್ಣು ಹಿಂಡ್ಕೊಂಡು ರೊಟ್ಟಿ ಕೂಡ ನೋಡ್ರಿ ಅತ್ತಿ" ಅಂದೆ. ಬಿಸಿ ಜೋಳದ ರೊಟ್ಟಿ, ಬಾಜೂಕ ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಇಟ್ಕೊಂಡು ಎರಡನೇ ಸಲ ತಾವೇ ಹಾಕ್ಕೊಂಡ್ರು, ಒಗ್ಗರಣಿ ಮಾತು ಮತ್ತ ಬರ್ಲಿಲ್ಲ.

ಈಗ ತಕರಾರು. ವೈರ್ ಗಿಡ್ಡ, ಪ್ಲಗ್ ಹತ್ರಾನೇ ಜಾಗಾ ಮಾಡ್ಬೇಕು. ಪಿಂಗಾಣಿ ಪಾತ್ರಿ ವಜ್ಜಿ ಅದ, ನಮ್ಮ ಸಣ್ಣ ಸಿಂಕಿನ್ಯಾಗ ತಿಕ್ಕೋದು ಒಂದು ಕಸರತ್ತು, ಬಿಸಿ ಇದ್ದಾಗ ತಣ್ಣೀರು ಸುರದ್ರ ಸೀಳ್ತದ ಅದಕ್ಕ ಆರೋತನಕ ಕಾಯ್ಬೇಕು. ಇನ್ನ ಕರೆಂಟ್. ಡಿಜಿಟಲ್ ಟೈಮರ್ ಇದ್ದದ್ದು ನೋಡಾಕ ಚಂದ ಖರೆ, ಬಾಳ ಮಾಡೆಲ್‌ನ್ಯಾಗ ಕರೆಂಟ್ ಹೋಗಿ ಬಂದ್ರ ಅದು ಸುಮ್ನ ಆಫ್ ಆಗಿ ಕುಂದರ್ತದ, ತಿರುವೋ ಬಟನ್ ಇದ್ದದ್ದು ತಾನೇ ಮತ್ತ ಶುರು ಆಗ್ತದ. ನಮ್ಮ ಕಡೆಯವ್ರು ತಿರುವೋದೇ ತಗೋರಿ. ಹಂಗಂತ ರಾತ್ರಿ ತಾಸುಗಟ್ಲೆ ಕರೆಂಟ್ ಹೋಗಿತ್ತು ಅಂತ ಗೊತ್ತಾದ್ರ ಅದನ್ನ ಉಣಬ್ಯಾಡ್ರಿ, ಅರೆಬಿಸಿ ಅಡಿಗ್ಯಾಗ ಕಣ್ಣಿಗೆ ಕಾಣದ ಹುಳ (ಬ್ಯಾಕ್ಟೀರಿಯಾ) ಬೆಳೀತಾವ, ಮಟನ್ ಇದ್ರಂತೂ ಚೆಲ್ಲೋದೇ. ಒಂದು ಛೊಲೊ ಮಾತು ಅಂದ್ರ ಮೇ ತಿಂಗಳ ಬಿಸಲಾಗ ಇದರಿಂದ ಅಡಿಗಿ ಮನಿ ಕಾಯಂಗಿಲ್ಲ.

ಮಟನ್ ಅಂದೆ ಅಲ್ಲ, ನಮ್ಮ ಮನ್ಯಾಗ ಮಾಡಂಗಿಲ್ಲ, ಆಫೀಸಿನ ಗೆಳತಿ ಒಬ್ಬಾಕಿ ತನ್ನ ಸ್ಲೋ ಕುಕ್ಕರ್‌ನ್ಯಾಗ ಸ್ಟಿಫಾಡೋ ಅಂತ ಗ್ರೀಕ್ ಮಾಂಸದ ಸಾರು ಮಾಡ್ತಾಳ. ಗ್ರೀಸ್ ದೇಶದಾಗ ಅದಕ್ಕ ಮೊಲ ಇಲ್ಲಾ ದನದ ಮಾಂಸ ಹಾಕ್ತಾರ, ಈಕಿ ಆಡಿನ ದಸ್ತಿ (ಮುಂಗಾಲು) ಕಡೀದು ದೊಡ್ಡ ತುಂಡು ತರಿಸ್ತಾಳ, ಯಾಕಂದ್ರ ನಾರು ಇದ್ದ ಮಾಂಸನೇ ಸಾವಕಾಶ ಬೆಂದ್ರ ಅಂಟಂಟು ರಸ ಬಿಡ್ತದ. ಮಾಂಸದಷ್ಟೇ ತೂಕ ಸಣ್ಣ ಉಳ್ಳಾಗಡ್ಡಿ ಇಡೀದು, ಟೊಮ್ಯಾಟೊ, ದಾಲ್ಚಿನ್ನಿ, ತೇಜ್‌ಪತ್ತಾ, ಕೆಂಪು ವೈನ್ ಬದ್ಲಿ ವಿನೆಗರ್. ಮಾಂಸ, ಉಳ್ಳಾಗಡ್ಡಿ ಎರಡೂ ಮೊದ್ಲ ಬ್ಯಾರೆ ಬಾಣಲ್ಯಾಗ ಕೆಂಪಗ ಹುರೀಲೇಬೇಕು ಅಂತಾಳ, ಈ ಮಷೀನ್ ಹುರಿಯಂಗಿಲ್ಲ. ಆಲ್‌ಸ್ಪೈಸ್ (ಇದಕ್ಕ ಹಾಕೋ ಒಂದು ಮಸಾಲಿ ಕಾಳು) ಕೇಳಿದ್ರ ಕೆಲವು ಅಂಗಡ್ಯಾಗ ಬಾಲಮೆಣಸು ಕೊಡ್ತಾರಂತ, ಕಾಳಿಗೆ ಬಾಲ ಇದ್ರ ಅದಲ್ಲ, ಬಿಡ್ರಿ, ಲವಂಗ ಎರಡು ಜರಾ ಜಾಜಿಕಾಯಿ ಹಾಕಿದ್ರ ನಡೀತದ.

ಇನ್ನೊಂದು, ರಾಜ್ಮಾ ಮಾತ್ರ ಹಸೀದು ಇದ್ರಾಗ ಹಾಕಬ್ಯಾಡ್ರಿ. ಅದ್ರಾಗಿರೋ ವಿಷ ಕೊತಕೊತ ಕುದಿಯದ ಈ ಬಿಸಿಗೆ ಸಾಯಂಗಿಲ್ಲ, ವಾಂತಿ ಭೇದಿ ಹಚ್ತದ, ನೆನೆಸಿ ನೀರು ಚೆಲ್ಲಿ ಒಲಿ ಮ್ಯಾಲ ಹೊಸ ನೀರಿನ್ಯಾಗ ಅರ್ಧಾ ತಾಸು ಕೊತಕೊತ ಕುದಸಿ ಆಮ್ಯಾಲ ಹಾಕ್ರಿ.

ಸೈಜ್ ಕೇಳೋರಿಗೆ: ನಾಕೈದು ಮಂದಿಗೆ 3.5 ಲೀಟರ್ ಸಾಕು. ದೊಡ್ಡದಿರಲಿ ಅಂತ 6 ಲೀಟರ್ ತಂದು ಕಾಲ್ಭಾಗ ತುಂಬಿದ್ರ ಹೀಟರ್ ಸುತ್ತಲೂ ಇರೋದ್ರಿಂದ ಬದಿಗೆ ಹತ್ತತದ, ಕಮ್ಮಿ ಅಂದ್ರೂ ಅರ್ಧಾ ತುಂಬ್ಬೇಕು.